ಮುಂಗಡ ಹರಿಯುವ ತನಕ

ನಮ್ಮ ಮನೆಯಲ್ಲಿ ಅಜ್ಜಿಯ ಅಪ್ಪನ ಬಗ್ಗೆ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಕೇಳಿದರೆ ‘ಘಟ್ಟಕ್ಕೆ ಹೋಗಿದ್ದರು, ಜೈಲು ಕಂಡು ಬಂದರು’ ಎಂದಷ್ಟೇ ಹೇಳಿ ಅಜ್ಜಿ ಮಾತು ಬದಲಿಸುತ್ತಿದ್ದರು. ದಕ್ಷಿಣ ಕನ್ನಡದ ನಮ್ಮ ಕಡೆ ಘಟ್ಟಕ್ಕೆ ಹೋಗುವುದೆಂದರೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಿಗೆ ಕೂಲಿಗೆ ಹೋಗುವುದು. ಮುತ್ತಜ್ಜ ಅಲ್ಲಿ ಏನೋ ಕದ್ದಿರಬೇಕು ಎಂದು ನಾನು ಬಹಳ ವರ್ಷ ನಂಬಿದ್ದೆ. ಒಂದು ಸಲ ಮಾತ್ರ ಅಜ್ಜಿ ಪೂರ್ತಿ ಕಥೆ ಹೇಳಿದರು. ಅವರು ಕದ್ದದ್ದು ಏನೂ ಇರಲಿಲ್ಲ. ಮುಂಗಡ ಹರಿಯುವ ಮೊದಲೇ ಕೊಡಗಿನ ತೋಟ ಬಿಟ್ಟು ಊರಿಗೆ ಬಂದಿದ್ದರು, ಅಷ್ಟೇ.

ಅಷ್ಟಕ್ಕೆ ಜೈಲೇ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಾಲೇಜಿನಲ್ಲಿ ಇತಿಹಾಸ ಓದುವಾಗ. ಅದು 1859ರ 13ನೇ ಕಾಯ್ದೆ.

ಮಡಿಕೇರಿಯಲ್ಲಿ 1854ರಲ್ಲಿ ಫೌಲರ್ ಎಂಬಾತ ಕಾಫಿ ತೋಟ ಶುರುಮಾಡಿದ ಮೇಲೆ ಯುರೋಪಿನ ಪ್ಲಾಂಟರುಗಳು ಒಬ್ಬರ ಹಿಂದೊಬ್ಬರು ಕೊಡಗಿಗೆ ಬಂದರು. ಕಾಡು ಸವರಲು, ಗುಂಡಿ ತೋಡಲು, ಹಣ್ಣು ಕೊಯ್ಯಲು ಅಲ್ಲಿನ ಆಳುಗಳು ಸಾಲಲಿಲ್ಲ. ಮೈಸೂರು ಸೀಮೆಯಿಂದ, ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಯಿಂದ, ಮಲಬಾರಿನಿಂದ ಜನರನ್ನು ತರಬೇಕಾಯಿತು. ತರುವವನು ಮೇಸ್ತ್ರಿ. ತೋಟದ ದೊರೆ ಅವನ ಕೈಗೆ ದುಡ್ಡು ಕೊಡುತ್ತಿದ್ದ. ಮದುವೆಯೋ ಕಾಯಿಲೆಯೋ ಹಳೆಯ ಸಾಲವೋ ಇರುವ ಮನೆ ನೋಡಿ ಮೇಸ್ತ್ರಿ ಮುಂಗಡ ಕೊಡುತ್ತಿದ್ದ. ಆಳುಗಳ ಕೂಲಿಯ ಮೇಲೆ ಅವನಿಗೆ ಕಮಿಷನ್. ಬಟವಾಡೆಯ ದಿನ ಮುಂಗಡದ ಬಾಬ್ತು ಮುರಿದುಕೊಂಡು ಉಳಿದದ್ದು ಆಳಿನ ಕೈಗೆ. ಮಲೆಜ್ವರ ಬಂದು ಲೈನಿನಲ್ಲಿ ಮಲಗಿದರೆ ಆ ದಿನದ ಕೂಲಿ ಇಲ್ಲ, ಮುಂಗಡ ಮಾತ್ರ ಇದ್ದ ಹಾಗೇ ಇರುತ್ತಿತ್ತು.

ಈ ವ್ಯವಸ್ಥೆಗೆ ಬಲ ಕೊಟ್ಟದ್ದು ಆ ಕಾಯ್ದೆ. ಅದನ್ನು ಮೊದಲು ಮಾಡಿದ್ದು ಕಲ್ಕತ್ತ, ಮದ್ರಾಸ್, ಬೊಂಬಾಯಿ ನಗರಗಳ ಕಸುಬುದಾರರು ಮತ್ತು ಕೂಲಿಗಳಿಗಾಗಿ. ಬೇರೆ ಕಡೆಗೂ ವಿಸ್ತರಿಸಲು ಅದರಲ್ಲೇ ಅವಕಾಶವಿತ್ತು. ಹಾಗೆ ಅದು ಕಾಫಿ, ಟೀ ತೋಟಗಳನ್ನೂ ಹೊಕ್ಕಿತು. ಮುಂಗಡ ಪಡೆದವನು ಕೆಲಸ ಬಿಟ್ಟರೆ ಧಣಿ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದಿತ್ತು. ದುಡ್ಡು ಹಿಂತಿರುಗಿಸು, ಇಲ್ಲವೇ ಕೆಲಸ ಮುಗಿಸು ಎಂದು ಆಜ್ಞೆಯಾಗುತ್ತಿತ್ತು. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಧಣಿ ಮಾತು ತಪ್ಪಿದರೆ ಅವನನ್ನು ಜೈಲಿಗೆ ಕಳಿಸಲು ಈ ಕಾಯ್ದೆಯಲ್ಲಿ ಜಾಗವಿರಲಿಲ್ಲ. ವ್ಯಾಪಾರಿಗಳಿಬ್ಬರ ನಡುವೆ ಕರಾರು ಮುರಿದರೆ ಅದು ಸಿವಿಲ್ ವ್ಯಾಜ್ಯ; ಕೂಲಿಯವನು ಮುರಿದರೆ ಅಪರಾಧ.

ಪ್ಲಾಂಟರುಗಳಿಗೂ ತಮ್ಮದೇ ದೂರಿತ್ತು. ಮುಂಗಡ ನುಂಗಿ ಮಾಯವಾಗುವ ಮೇಸ್ತ್ರಿಗಳು, ಎರಡು ತೋಟಗಳಲ್ಲಿ ಮುಂಗಡ ಎತ್ತುವ ಆಳುಗಳು ಇದ್ದದ್ದು ನಿಜ. ಆದರೆ ಸಂಘ ಕಟ್ಟಲಾಗದ, ಓದು ಬರಹ ಬಾರದ ಆ ಜನರಿಗೆ ಕೆಟ್ಟ ತೋಟದ ವಿರುದ್ಧ ಇದ್ದ ಒಂದೇ ದಾರಿ ರಾತ್ರೋರಾತ್ರಿ ಘಟ್ಟ ಇಳಿಯುವುದು. ಕಾಯ್ದೆ ಆ ದಾರಿಯನ್ನೇ ಮುಚ್ಚಿತ್ತು.

ಇಂಗ್ಲೆಂಡಿನಲ್ಲಿ ಕೆಲಸ ಬಿಟ್ಟವನನ್ನು ಜೈಲಿಗೆ ಹಾಕುವ ಪದ್ಧತಿ 1875ರಲ್ಲಿ ಕೊನೆಗೊಂಡಿತು. ಅದೇ ಇಂಗ್ಲಿಷರು ಇಲ್ಲಿ ಮತ್ತೂ ಐವತ್ತು ವರ್ಷ ಅದನ್ನು ಉಳಿಸಿಕೊಂಡರು. 13ನೇ ಕಾಯ್ದೆ ರದ್ದಾದದ್ದು 1926ರ ಏಪ್ರಿಲ್‌ನಲ್ಲಿ. ಕೊಡಗಿಗೆ ಆ ಬಿಡುಗಡೆಯೂ ತಡವಾಗಿ ಬಂತು. ಅಲ್ಲಿ 1926ರಲ್ಲೇ ಪ್ರತ್ಯೇಕ ಕಾರ್ಮಿಕ ಕಾಯ್ದೆ ಮಾಡಿ 1931ರವರೆಗೆ ಶಿಕ್ಷೆಯನ್ನು ಮುಂದುವರಿಸಲಾಯಿತು. ಮುತ್ತಜ್ಜ ಘಟ್ಟ ಇಳಿದದ್ದು ಈ ಕೊನೆಯ ವರ್ಷಗಳಲ್ಲೇ ಇರಬೇಕು.

ಕಾಯ್ದೆ ಹೋದರೂ ಮುಂಗಡ ಹೋಗಲಿಲ್ಲ. ಒಡಿಶಾದಿಂದ ಬೇರೆ ರಾಜ್ಯಗಳ ಕಾಮಗಾರಿಗಳಿಗೆ ಸರ್ದಾರರು ಕರೆದೊಯ್ಯುತ್ತಿದ್ದವರನ್ನು ‘ದಾದನ್’ ಕೂಲಿಗಳು ಎನ್ನುತ್ತಿದ್ದರು. ದಾದನ್ ಎಂದರೂ ಮುಂಗಡವೇ. ಇವರ ಪಾಡೇ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಗೆ ಕಾರಣ. ಗುತ್ತಿಗೆದಾರನಿಗೆ ಲೈಸೆನ್ಸ್, ಕೆಲಸಗಾರನಿಗೆ ಫೋಟೋ ಅಂಟಿಸಿದ ಪಾಸ್‌ಬುಕ್, ಹೋಗಿಬರುವ ಖರ್ಚು, ಊರು ಬಿಟ್ಟದ್ದಕ್ಕೆ ಭತ್ಯೆ ಎಲ್ಲವನ್ನೂ ಅದು ವಿಧಿಸಿತು. ಕೆಲಸದ ಅವಧಿ ಮುಗಿದ ಮೇಲೂ ಸಾಲ ಬಾಕಿ ಉಳಿದಿದ್ದರೆ ಅದು ತೀರಿದಂತೆಯೇ ಎಂದಿತು. ಈ ಸಾಲು ಓದಿದಾಗ ನನಗೆ ಮುತ್ತಜ್ಜ ನೆನಪಾದರು.

1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಅಲ್ಲಿ ದಿನದ ಕನಿಷ್ಠ ಕೂಲಿ 9 ರೂಪಾಯಿ 25 ಪೈಸೆ. ಅದರಲ್ಲಿ ಒಂದು ರೂಪಾಯಿಯನ್ನು ಜಮಾದಾರ ಕಮಿಷನ್ ಎಂದು ಮುರಿದುಕೊಳ್ಳುತ್ತಿದ್ದ. ಹೆಸರು ಬೇರೆಯಾದರೂ ಇವನು ನಮ್ಮ ಮೇಸ್ತ್ರಿಯೇ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿದ್ದ ಪೀಠ ಹೇಳಿತು. ಹಸಿವು ಮತ್ತು ಬಡತನದ ಒತ್ತಡವೂ ಬಲವಂತವೇ ಎಂಬುದು ಆ ತೀರ್ಪಿನ ತಿರುಳು.

ಆದರೂ 2020ರ ಮೇ ತಿಂಗಳ ಮೊದಲ ವಾರ ಬೆಂಗಳೂರಿನಲ್ಲಿ ನಡೆದದ್ದನ್ನು ನೆನೆಯಿರಿ. ಲಾಕ್‌ಡೌನಿನಲ್ಲಿ ಕೆಲಸ ಕಳೆದುಕೊಂಡವರು ಊರಿಗೆ ಹೊರಟಿದ್ದರು. ಮುಖ್ಯಮಂತ್ರಿಗಳು ಬಿಲ್ಡರುಗಳ ಜೊತೆ ಸಭೆ ನಡೆಸಿದ ಬೆನ್ನಿಗೇ, ಶ್ರಮಿಕ ರೈಲುಗಳನ್ನು ರದ್ದುಮಾಡಿ ಎಂದು ರಾಜ್ಯ ಸರ್ಕಾರ ರೈಲ್ವೆಗೆ ಬರೆಯಿತು. ಟೀಕೆ ಬಂದ ಮೇಲೆ ಎರಡು ದಿನಗಳಲ್ಲಿ ಆ ನಿರ್ಧಾರ ಬದಲಾಯಿತು. ಕೂಲಿಯವನು ಬರುವಾಗ ಎಲ್ಲರಿಗೂ ಬೇಕು. ಹೊರಟು ನಿಂತಾಗ ಮಾತ್ರ ಅವನನ್ನು ತಡೆಯಬೇಕೆನ್ನಿಸುತ್ತದೆ. 1859ರ ಬುದ್ಧಿ ಪೂರ್ತಿ ಸತ್ತಿಲ್ಲ.

ಇನ್ನೊಂದು ಮಾತಿದೆ. 1979ರ ಕಾಯ್ದೆ ರಕ್ಷಣೆ ಕೊಟ್ಟದ್ದು ರಾಜ್ಯದ ಗಡಿ ದಾಟಿದವರಿಗೆ ಮಾತ್ರ. ಮುತ್ತಜ್ಜನ ಕಾಲದಲ್ಲಿ ಕೊಡಗು ಬೇರೆ, ಮೈಸೂರು ಬೇರೆ, ನಮ್ಮ ಜಿಲ್ಲೆ ಬೇರೆ. 1956ರ ನಂತರ ಎಲ್ಲವೂ ಒಂದೇ ರಾಜ್ಯ. ರಾಯಚೂರು, ಯಾದಗಿರಿಯಿಂದ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ ಗುಳೆ ಬಂದು ಬೆಂಗಳೂರಿನಲ್ಲಿ ತಗಡಿನ ಶೆಡ್ಡಿನಲ್ಲಿದ್ದ ಸಂಸಾರ ಆ ಕಾಯ್ದೆಯ ಕಣ್ಣಿಗೆ ವಲಸೆಯದೇ ಆಗಿರಲಿಲ್ಲ. ಅವರಲ್ಲೂ ಎಷ್ಟೋ ಜನ ಬಂದಿರುವುದು ಮೇಸ್ತ್ರಿಯ ಮುಂಗಡದ ಮೇಲೆಯೇ.

ಅಜ್ಜಿ ಈಗಿಲ್ಲ. ಕಳೆದ ವರ್ಷ ತಂಗಿಯ ಮಗ ಶಾಲೆಗೆ ವಂಶವೃಕ್ಷ ಬರೆಯುತ್ತ, ‘ಮಾಮ, ಇವರು ಯಾಕೆ ಜೈಲಿಗೆ ಹೋಗಿದ್ದು?’ ಎಂದು ಕೇಳಿದ. ‘ಕೆಲಸ ಬಿಟ್ಟು ಮನೆಗೆ ಬಂದದ್ದಕ್ಕೆ’ ಎಂದೆ. ಅವನು ನಂಬಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಮೊದಲಿನಿಂದ ಹೇಳಿದೆ.