ರಕ್ತಕ್ಕೂ ಮೈಲಿಗೆ

2002ರಲ್ಲಿ 'ಗ್ರ್ಯಾಂಡ್ ಥೆಫ್ಟ್ ಆಟೊ: ವೈಸ್ ಸಿಟಿ' ಅಂತ ಒಂದು ವಿಡಿಯೊ ಗೇಮ್ ಬಂತು. ಅಮೆರಿಕದ ಮಯಾಮಿಯಂಥ ಊರು, 1986ರ ಕಾಲ. ಅದರಲ್ಲಿ ಹೈಟಿಯ ಕರಿಯರೆಂದರೆ ಒಂದು ಗ್ಯಾಂಗು, ಮದ್ದು ಹಾಕುವ ಒಬ್ಬ ಮುದುಕಿ, ಅಷ್ಟೆ. ಅವರನ್ನ ಕೊಲ್ಲು ಅಂತ ಆಡುವವನಿಗೆ ಅಪ್ಪಣೆ ಬೇರೆ.

ಯಾರು ಈ ಜನ? ಕೆರಿಬಿಯನ್ ಕಡಲಲ್ಲಿ ಫ್ರೆಂಚರ ಕಬ್ಬಿನ ತೋಟಗಳಲ್ಲಿ ಗುಲಾಮರಾಗಿದ್ದವರ ಮಕ್ಕಳು. ಆ ಹಿರೀಕರು 1791ರಲ್ಲಿ ಬಂಡೆದ್ದು, ನೆಪೋಲಿಯನ್ನನ ಸೈನ್ಯವನ್ನೇ ಸೋಲಿಸಿ, 1804ರಲ್ಲಿ ಸ್ವತಂತ್ರರಾದರು. ಕಳಕೊಂಡ ಆಸ್ತಿಗೆ ಪರಿಹಾರ ಕೊಡಿ ಅಂತ 1825ರಲ್ಲಿ ಫ್ರಾನ್ಸ್ 15 ಕೋಟಿ ಫ್ರಾಂಕ್ ಕೇಳಿತು. ಆ ಆಸ್ತಿಯ ಲೆಕ್ಕದಲ್ಲಿ ಅವರ ಮೈಗಳೂ ಸೇರಿದ್ದವು!

ಆಟದ ಕಾಲದಲ್ಲೇ ನಡೆದದ್ದು ಇನ್ನೊಂದಿದೆ. 1983ರಲ್ಲಿ ಅಮೆರಿಕದ ಸರಕಾರಿ ಆರೋಗ್ಯ ಸಂಸ್ಥೆ ಏಡ್ಸ್ ಅಪಾಯ ಹೆಚ್ಚಿರುವವರ ಪಟ್ಟಿಗೆ ಹೈಟಿಯಿಂದ ಬಂದವರನ್ನ ಸೇರಿಸಿತು. ಕೆಲಸ ಹೋಯಿತು, ಬಾಡಿಗೆ ಮನೆ ಸಿಗಲಿಲ್ಲ. 1985ರಲ್ಲಿ ಪಟ್ಟಿಯಿಂದ ತೆಗೆದರು. 1990ರಲ್ಲಿ ಮತ್ತೆ, ಹೈಟಿಯವರ ರಕ್ತದಾನ ಬೇಡ ಅಂತ ಸರಕಾರದ ಆದೇಶ. ನಮ್ಮ ಕೇರಿಗೆ ಇದನ್ನ ಬಿಡಿಸಿ ಹೇಳಬೇಕೆ? ಆ ಏಪ್ರಿಲ್‌ನಲ್ಲಿ ಹತ್ತಾರು ಸಾವಿರ ಮಂದಿ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ ತುಂಬ ನಡೆದರು. ಆದೇಶ ವಾಪಸಾಯಿತು.

ಇದ್ಯಾವುದೂ ಆಟದಲ್ಲಿಲ್ಲ. 'ಬರೀ ಆಟ ಕಣಯ್ಯ' ಅಂತಾರೆ ನನ್ನ ಗೆಳೆಯರು. ಗುಂಡು ಹಾರಿಸೋ ಬೆರಳು ಯಾರದು, ಬೀಳೋ ಹೆಣ ಯಾರದು ಅಂತ ಕೇಳಿದರೆ ಮಾತಿಲ್ಲ. 2003ರಲ್ಲಿ ಹೈಟಿಯವರು ಅದೇ ನ್ಯೂಯಾರ್ಕಿನಲ್ಲಿ ಮತ್ತೆ ಬೀದಿಗಿಳಿದರು. ಮುಂದಿನ ಪ್ರತಿಗಳಿಂದ ಆ ಅಪ್ಪಣೆಯ ಮಾತು ತೆಗೀತೀವಿ ಅಂತ ಕಂಪೆನಿ ಒಪ್ಪಿಕೊಂಡಿತು. ಗ್ಯಾಂಗನ್ನ ಮಾತ್ರ ತೆಗೆಯಲಿಲ್ಲ.