ಯಪ್ಪಾ ಎಂಬ ಮಾತು

ನಮ್ಮ ವಿಜಾಪುರದ ಕಡೆ ಹೆತ್ತ ತಂದೆಯೂ 'ಯಪ್ಪಾ', ದೇವರೂ 'ಯಪ್ಪಾ'. ವ್ಯತ್ಯಾಸ ಒಂದೇ. ಹೆತ್ತ ಯಪ್ಪನನ್ನು ಸಿಟ್ಟಿನಲ್ಲಿ ಬೈಯಬಹುದು, ಆ ಇನ್ನೊಬ್ಬ ಯಪ್ಪನನ್ನು ಬೈಯುವಂತಿಲ್ಲ. ದಾಸರು ಬೈದರು ನಿಜ. ಆದರೆ ನಿಂದಾಸ್ತುತಿ ಎಂದು ಹೆಸರಿಟ್ಟು ಅದನ್ನೂ ಸ್ತುತಿಗೇ ಸೇರಿಸಿದ್ದೇವೆ.

ನಗರದ ಪಶ್ಚಿಮಕ್ಕಿರುವ ತೊರವಿಯ ದೇವರು ನರಸಿಂಹ. ಸುಮಾರು 1500ರ ಹೊತ್ತಿಗೆ ಕುಮಾರ ವಾಲ್ಮೀಕಿ ಭಾಮಿನಿ ಷಟ್ಪದಿಯಲ್ಲಿ ಬರೆದ ರಾಮಾಯಣಕ್ಕೆ ಈ ಊರಿನ ಹೆಸರೇ ನಿಂತಿದೆ. ರಾಮನ ಕಥೆಯಲ್ಲಿ ತಂದೆ ಮಗನನ್ನು ಕಾಡಿಗೆ ಕಳಿಸುತ್ತಾನೆ; ನರಸಿಂಹನ ಕಥೆಯಲ್ಲಿ ಕೊಲ್ಲಿಸಲು ಹೊರಡುತ್ತಾನೆ. ಅಂಥ ತಂದೆಯ ಪಾಪವೂ ಕಳೆಯಲಿ ಎಂದು ಭಾಗವತದ ಪ್ರಹ್ಲಾದ ವರ ಬೇಡಿದ. ಆದರೆ 'ಕಂಬದಿಂದ ಬರಲು ಇಷ್ಟು ತಡವೇಕೆ' ಎಂದು ನರಸಿಂಹನನ್ನು ಕೇಳಲಿಲ್ಲ.

ಇದೇ ತೊರವಿಯ ನೆಲದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಹ 1599ರಲ್ಲಿ ನವರಸಪುರವನ್ನು ಕಟ್ಟತೊಡಗಿದ. ತಂದೆಯ ಸೋದರ ಅಲಿ ಆದಿಲ್‌ಶಹ 1580ರಲ್ಲಿ ಕೊಲೆಯಾದಾಗ ಸಿಂಹಾಸನ ಏರಿದ ಇವನಿನ್ನೂ ಹುಡುಗ. ರಾಜ್ಯಭಾರ ಚಾಂದಬೀಬಿಯ ಪಾಲಿಗೆ ಬಂತು. ಮುಂದೆ ಬರೆದ 'ಕಿತಾಬ್-ಎ-ನವರಸ್‌'ನಲ್ಲಿ ಗಣಪತಿಯೇ ತನ್ನ ತಂದೆ, ಸರಸ್ವತಿಯೇ ತಾಯಿ ಎಂದು ಹೇಳಿಕೊಂಡ. ಇಸ್ಲಾಮಿನಲ್ಲಿ ದೇವರನ್ನು ತಂದೆ ಎನ್ನುವ ರೂಢಿಯಿಲ್ಲ. ಸುಲ್ತಾನನಿಗೆ ಈ ಮಾತು ನಮ್ಮ 'ಯಪ್ಪಾ'ದಿಂದಲೇ ಸಿಕ್ಕಿರಬೇಕೆಂದು ನನ್ನ ಎಣಿಕೆ. 1624ರಲ್ಲಿ ಮಲಿಕ್ ಅಂಬರ್ ನವರಸಪುರವನ್ನು ಹಾಳುಗೆಡವಿದ. ಸಂಗೀತ ಮಹಲಿನ ಕಮಾನುಗಳು ಉಳಿದಿವೆ.

1972ರ ಬರದಲ್ಲಿ ನಮ್ಮವ್ವ ರಸ್ತೆ ಕೆಲಸಕ್ಕೆ ಹೋಗಿ ಕಲ್ಲು ಒಡೆದಳು. ಅದೇ ವರ್ಷ ನನ್ನ ತಮ್ಮ ಜ್ವರ ಬಂದು ತೀರಿಕೊಂಡ. ದಿನಕರ್ಮ ಮುಗಿದ ಮೇಲೆ ಅವ್ವ ತೊರವಿಗೆ ಹೋಗಿ, "ನಿಂದೇನ ತಪ್ಪಿಲ್ಲೋ ಯಪ್ಪಾ, ನಮ್ಮ ಹಣೇಬರಾನ ಹಿಂಗೈತಿ" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ತಪ್ಪು ಅವನದಲ್ಲ ಎಂದರೆ ಅದು ಬಂದು ಬೀಳುವುದು ಕಲ್ಲು ಒಡೆದವಳ ತಲೆಯ ಮೇಲೆಯೇ. ಶತಮಾನಗಳ ಬರಗಳಲ್ಲಿ ನಮ್ಮ ಹೆಂಗಸರು ಹೊತ್ತ ಈ ಹೊರೆಯನ್ನು ಯಾವ ಶಾಸನವೂ ಕೆತ್ತಿಟ್ಟಿಲ್ಲ.

ಆದರೆ ಆಮೇಲೆ ಮೂರು ವರ್ಷ ಅವ್ವ ತೊರವಿಯ ಕಡೆ ಹಾಯಲಿಲ್ಲ. ಜಾತ್ರೆಗೆ ಓಣಿಯವರೆಲ್ಲ ಹೊರಟರೂ ಇವಳು ಜೋಳ ಹಸನು ಮಾಡುತ್ತ ಕೂತಿರುತ್ತಿದ್ದಳು. ಯಾಕವ್ವಾ ಎಂದೆ. ಮೊರದಿಂದ ತಲೆ ಎತ್ತದೆ ಅಂದಳು:

"ಸಿಟ್ಟ ಬಂದ ಮಗಳು ತವರಮನಿಗೆ ಹೋಗತಾಳೇನೋ?"