ಕಡಲಕಳೆ ಮತ್ತು ಸಸ್ಯಗಳ ಬಹುಶರ್ಕರಗಳು: ಉರಿಯೂತ ಶಮನದ ಸಾಧ್ಯತೆ ಮತ್ತು ಮಿತಿ

ಗ್ಲೂಕೋಸ್, ಮ್ಯಾನೋಸ್, ಗ್ಯಾಲಕ್ಟೋಸ್, ಫ್ಯೂಕೋಸ್‌ನಂತಹ ಸರಳ ಸಕ್ಕರೆಗಳು ನೂರಾರು, ಸಾವಿರಾರು ಸಂಖ್ಯೆಯಲ್ಲಿ ಸರಪಳಿಯಾಗಿ ಬೆಸೆದುಕೊಂಡಾಗ ಬಹುಶರ್ಕರ ಉಂಟಾಗುತ್ತದೆ. ಬೆಂಡೆಕಾಯಿಯ ಲೋಳೆ, ಲೋಳೆಸರದ ತಿರುಳು, ಹುಣಸೆಬೀಜದ ಅಂಟು, ನೀರಿಗೆ ಹಾಕಿದ ಕೆಲವೇ ನಿಮಿಷಗಳಲ್ಲಿ ಉಬ್ಬುವ ಇಸಬ್‌ಗೋಲಿನ ಹೊಟ್ಟು – ಇವೆಲ್ಲವುಗಳ ಜಾರುತನಕ್ಕೆ ಬಹುಶರ್ಕರಗಳೇ ಕಾರಣ. ಕಡಲಕಳೆಗಳಲ್ಲಿ ಇವುಗಳ ಪ್ರಮಾಣ ಇನ್ನೂ ಹೆಚ್ಚು. ಕಂದು ಪಾಚಿಗಳಲ್ಲಿ ಆಲ್ಜಿನೇಟ್, ಫ್ಯೂಕಾಯ್ಡಾನ್ ಮತ್ತು ಲ್ಯಾಮಿನಾರಿನ್, ಕೆಂಪು ಪಾಚಿಗಳಲ್ಲಿ ಅಗರ್ ಮತ್ತು ಕ್ಯಾರಗೀನನ್, ಹಸಿರು ಪಾಚಿಗಳಲ್ಲಿ ಉಲ್ವಾನ್ ಇವೆ. ನೆಲದ ಸಸ್ಯಗಳಿಗೂ ಕಡಲಕಳೆಗಳಿಗೂ ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಫ್ಯೂಕಾಯ್ಡಾನ್, ಕ್ಯಾರಗೀನನ್, ಉಲ್ವಾನ್‌ಗಳ ಸಕ್ಕರೆ ಕೊಂಡಿಗಳಿಗೆ ಸಲ್ಫೇಟ್ ಗುಂಪುಗಳು ಅಂಟಿಕೊಂಡಿರುತ್ತವೆ. ನೆಲದ ಸಸ್ಯಗಳ ಬಹುಶರ್ಕರಗಳಲ್ಲಿ ಇವು ಸಾಮಾನ್ಯವಾಗಿ ಕಾಣುವುದಿಲ್ಲ. ಸಲ್ಫೇಟ್ ಇದ್ದಲ್ಲಿ ಅಣುವಿಗೆ ದಟ್ಟವಾದ ಋಣ ವಿದ್ಯುದಂಶ ಬರುತ್ತದೆ. ಪ್ರಾಣಿದೇಹದ ಹೆಪರಿನ್, ಹೆಪರಾನ್ ಸಲ್ಫೇಟ್‌ಗಳಿಗೂ ಇದೇ ಗುಣವಿದೆ. ಹಾಗಾಗಿ ಹೆಪರಾನ್ ಸಲ್ಫೇಟಿಗೆ ಅಂಟಿಕೊಳ್ಳುವ ದೇಹದ ಹಲವು ಪ್ರೋಟೀನುಗಳು ಕಡಲಕಳೆಯ ಬಹುಶರ್ಕರಕ್ಕೂ ಅಂಟಿಕೊಳ್ಳುತ್ತವೆ. ಅವುಗಳ ಗುಣಕ್ಕೂ ಅಪಾಯಕ್ಕೂ ಮೂಲ ಈ ಸಾಮ್ಯದಲ್ಲಿದೆ.

ಉರಿಯೂತ ತಾನಾಗಿ ರೋಗವಲ್ಲ, ದೇಹದ ರಕ್ಷಣಾಕ್ರಮ. ಬ್ಯಾಕ್ಟೀರಿಯಾದ ಹೊರಕವಚದ ತುಣುಕೊಂದು ಅಂಗಾಂಶಕ್ಕೆ ಹೊಕ್ಕಾಗ ಮ್ಯಾಕ್ರೋಫೇಜ್ ಕೋಶಗಳ ಮೇಲಿರುವ ಟಿಎಲ್‌ಆರ್-4 ಎಂಬ ಗ್ರಾಹಕ ಅದನ್ನು ಗುರುತಿಸುತ್ತದೆ. ಸಂಕೇತ ಕೋಶದೊಳಗೆ ಸಾಗಿ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನು ಎಚ್ಚರಿಸುತ್ತದೆ. ಅದು ಕೋಶಕೇಂದ್ರಕ್ಕೆ ಹೋಗಿ ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-1 ಬೀಟಾ, ಇಂಟರ್‌ಲ್ಯೂಕಿನ್-6 ಮೊದಲಾದ ಸೈಟೋಕೈನುಗಳ ಜೀನುಗಳನ್ನೂ, ಪ್ರೋಸ್ಟಾಗ್ಲಾಂಡಿನ್ ತಯಾರಿಸುವ ಕಾಕ್ಸ್-2 ಕಿಣ್ವದ ಜೀನನ್ನೂ ಚಾಲೂ ಮಾಡುತ್ತದೆ. ಅತ್ತ ರಕ್ತನಾಳದ ಒಳಪದರದ ಮೇಲೆ ಸೆಲೆಕ್ಟಿನ್ ಎಂಬ ಅಂಟುಪ್ರೋಟೀನುಗಳು ತಲೆಯೆತ್ತುತ್ತವೆ. ರಕ್ತದಲ್ಲಿ ಹರಿದುಹೋಗುತ್ತಿದ್ದ ಬಿಳಿ ರಕ್ತಕಣಗಳು ಅವಕ್ಕೆ ತಗಲಿ ಉರುಳುತ್ತ, ನಿಧಾನಿಸಿ, ನಿಂತು, ನಾಳದ ಗೋಡೆಯನ್ನು ನುಸುಳಿ ಹೊರಬರುತ್ತವೆ. ಕೆಂಪು, ಬಿಸಿ, ಊತ, ನೋವು ಕಾಣಿಸಿಕೊಳ್ಳುವುದು ಹೀಗೆ. ಕೆಲಸ ಮುಗಿದ ಮೇಲೆ ಈ ಕ್ರಿಯೆ ತಣಿಯಬೇಕು. ತಣಿಯದೆ ಉಳಿದರೆ ಸಂಧಿವಾತ, ಕರುಳಿನ ಹುಣ್ಣು, ರಕ್ತನಾಳಗಳ ಗಡಸುತನದಂತಹ ದೀರ್ಘ ವ್ಯಾಧಿಗಳಿಗೆ ದಾರಿಯಾಗುತ್ತದೆ. ಆಸ್ಪಿರಿನ್ ವರ್ಗದ ಮದ್ದುಗಳು ಪ್ರೋಸ್ಟಾಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತವೆಂದು ಜಾನ್ ವೇನ್ 1971ರಲ್ಲಿ ತೋರಿಸಿದರು. ಆದರೆ ಅವುಗಳ ದೀರ್ಘಬಳಕೆ ಜಠರದಲ್ಲಿ ಹುಣ್ಣನ್ನೂ ರಕ್ತಸ್ರಾವವನ್ನೂ ತರಬಲ್ಲದು. ಸಹಜ ಬಹುಶರ್ಕರಗಳತ್ತ ಸಂಶೋಧಕರ ಗಮನ ಹರಿದುದಕ್ಕೆ ಇದೊಂದು ಕಾರಣ.

ಈ ಅಧ್ಯಯನಗಳಲ್ಲಿ ಕಡಲಕಳೆಯ ಬಹುಶರ್ಕರ ಮೊದಲು ಹೆಸರು ಮಾಡಿದ್ದು ಉರಿಯೂತ ತಣಿಸುವ ವಸ್ತುವಾಗಿ ಅಲ್ಲ, ಉರಿಯೂತ ತರಿಸುವ ವಸ್ತುವಾಗಿ. 1962ರಲ್ಲಿ ಚಾರ್ಲ್ಸ್ ವಿಂಟರ್ ಮತ್ತು ಸಂಗಡಿಗರು ಇಲಿಯ ಹಿಂಗಾಲಿನ ಪಾದಕ್ಕೆ ಕ್ಯಾರಗೀನನ್ ಚುಚ್ಚಿ, ಪಾದ ಊದಿಕೊಳ್ಳುವುದನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದರು. ಮದ್ದು ಕೊಟ್ಟ ಇಲಿಯಲ್ಲಿ ಊತ ಎಷ್ಟು ಕಡಿಮೆಯಾಯಿತು ಎಂಬುದೇ ಮದ್ದಿನ ಬಲದ ಅಳತೆ. ಇಂಡೋಮೆಥಾಸಿನ್ ಎಂಬ ಪ್ರಸಿದ್ಧ ಔಷಧದ ಶೋಧಕ್ಕೆ ನೆರವಾದ ಈ ಪರೀಕ್ಷೆ ಇಂದಿಗೂ ಔಷಧಶಾಸ್ತ್ರದ ಪ್ರಯೋಗಾಲಯಗಳಲ್ಲಿ ಮಾಮೂಲು. ಮೊದಲು ಹಿಸ್ಟಮಿನ್ ಮತ್ತು ಸೆರೊಟೋನಿನ್, ಆಮೇಲೆ ಕೈನಿನ್‌ಗಳು, ಕೊನೆಗೆ ಪ್ರೋಸ್ಟಾಗ್ಲಾಂಡಿನ್‌ಗಳು – ಊತ ಈ ಹಂತಗಳಲ್ಲಿ ಏರುತ್ತದೆ. ಒಂದು ಕಡಲಕಳೆಯ ಸಾರದಿಂದ ಪಾದ ಊದಿಸಿ, ಇನ್ನೊಂದು ಕಡಲಕಳೆಯ ಸಾರದಿಂದ ಅದೇ ಊತವನ್ನು ಇಳಿಸಿ ತೋರಿಸಿದ ಪ್ರಬಂಧಗಳು ಹೇರಳವಾಗಿವೆ. ಎರಡೂ ಸಲ್ಫೇಟುಳ್ಳ ಬಹುಶರ್ಕರಗಳೇ. ಆದ್ದರಿಂದ ‘ಕಡಲಕಳೆಯ ಬಹುಶರ್ಕರ ಉರಿಯೂತಕ್ಕೆ ಒಳ್ಳೆಯದು’ ಎಂಬ ಸಾರಾಸಗಟು ಹೇಳಿಕೆಗೆ ವಿಜ್ಞಾನದಲ್ಲಿ ಅರ್ಥವಿಲ್ಲ. ಯಾವ ಅಣು, ಎಷ್ಟು ಉದ್ದ, ಸಲ್ಫೇಟ್ ಯಾವ ಸ್ಥಾನದಲ್ಲಿ, ಯಾವ ಮಾರ್ಗದಿಂದ ದೇಹ ಸೇರಿತು ಎಂಬುದನ್ನು ಹೇಳಿದಾಗ ಮಾತ್ರ ಮಾತು ಪೂರ್ಣವಾಗುತ್ತದೆ. ಆಹಾರದಲ್ಲಿ ಗಟ್ಟಿಕಾರಕವಾಗಿ ಬಳಸುವ ಕ್ಯಾರಗೀನನ್ ಬಾಯಿಯ ಮೂಲಕ ಹೋಗುತ್ತದೆ. ಪಾದಕ್ಕೆ ಚುಚ್ಚಿದಾಗಿನ ಫಲಿತಾಂಶವನ್ನು ಅದಕ್ಕೆ ನೇರವಾಗಿ ಅನ್ವಯಿಸಲಾಗದು.

ಇದಕ್ಕಿಂತ ಕಠೋರವಾದ ಪಾಠ ಬಂದದ್ದು 2007–08ರಲ್ಲಿ. ಅಮೆರಿಕದ ಆಸ್ಪತ್ರೆಗಳಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯಲು ಹೆಪರಿನ್ ಪಡೆದ ರೋಗಿಗಳ ರಕ್ತದೊತ್ತಡ ಹಠಾತ್ತನೆ ಕುಸಿದು ಹತ್ತಾರು ಸಾವುಗಳು ವರದಿಯಾದವು. ಹೆಪರಿನ್‌ಗೆ ಅತಿಯಾಗಿ ಸಲ್ಫೇಟ್ ಸೇರಿಸಿದ ಕಾಂಡ್ರಾಯ್ಟಿನ್ ಸಲ್ಫೇಟನ್ನು ಬೆರೆಸಲಾಗಿತ್ತು. ಈ ಕಲಬೆರಕೆ ಅಣು ರಕ್ತದ ಕಲ್ಲಿಕ್ರೀನ್ ವ್ಯವಸ್ಥೆಯನ್ನು ಪ್ರಚೋದಿಸಿ, ರಕ್ತದೊತ್ತಡವನ್ನು ಇಳಿಸುವ ಬ್ರಾಡಿಕೈನಿನ್ ಹೊಮ್ಮಿಸಿತ್ತು. ಸಲ್ಫೇಟ್ ಹೆಚ್ಚಿದಷ್ಟೂ ಮದ್ದಿನ ಗುಣ ಹೆಚ್ಚು ಎಂಬ ಸುಲಭ ಲೆಕ್ಕ ಎಷ್ಟು ಅಪಾಯಕಾರಿ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಉರಿಯೂತ ಶಮನದ ದೃಷ್ಟಿಯಿಂದ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದ ಕಡಲ ಬಹುಶರ್ಕರವೆಂದರೆ ಫ್ಯೂಕಾಯ್ಡಾನ್. ಸ್ವೀಡನ್ನಿನ ಸಸ್ಯವಿಜ್ಞಾನಿ ಹರಾಲ್ಡ್ ಕೈಲಿನ್ ಇದನ್ನು 1913ರಲ್ಲಿ ಕಂದು ಪಾಚಿಯಿಂದ ಬೇರ್ಪಡಿಸಿದರು. ಫ್ಯೂಕೋಸ್ ಸಕ್ಕರೆಯ ಕೊಂಡಿಗಳೇ ಇದರ ಬೆನ್ನೆಲುಬು. ಆದರೆ ಜಾತಿಯಿಂದ ಜಾತಿಗೆ ಬೆಸುಗೆಯ ಬಗೆ, ಕವಲು, ಸಲ್ಫೇಟಿನ ಸ್ಥಾನ ಬದಲಾಗುತ್ತವೆ. ಫ್ಯೂಕಾಯ್ಡಾನ್ ಪಿ-ಸೆಲೆಕ್ಟಿನ್ ಮತ್ತು ಎಲ್-ಸೆಲೆಕ್ಟಿನ್‌ಗಳಿಗೆ ಅಂಟಿಕೊಂಡು, ಬಿಳಿ ರಕ್ತಕಣಗಳು ನಾಳದ ಗೋಡೆಗೆ ತಗಲದಂತೆ ಮಾಡಬಲ್ಲದು. ಅಂದರೆ ಉರಿಯೂತದ ಸೈನಿಕರನ್ನು ಅದು ಊರಬಾಗಿಲಲ್ಲೇ ತಡೆಯುತ್ತದೆ. ಈ ವಿವರಣೆ ಅಚ್ಚುಕಟ್ಟಾಗಿದೆ. ಅದನ್ನು ಪ್ರಶ್ನಿಸುವಂತಹ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಒಂಬತ್ತು ಜಾತಿಯ ಕಂದು ಪಾಚಿಗಳ ಫ್ಯೂಕಾಯ್ಡಾನ್‌ಗಳನ್ನು ಒಟ್ಟಿಗೆ ಹೋಲಿಸಿದ ಆ ಅಧ್ಯಯನದಲ್ಲಿ ಒಂಬತ್ತು ಫ್ಯೂಕಾಯ್ಡಾನ್‌ಗಳೂ ಇಲಿಗಳಲ್ಲಿ ಬಿಳಿ ರಕ್ತಕಣಗಳ ಗುಂಪುಗೂಡುವಿಕೆಯನ್ನು ತಗ್ಗಿಸಿದವು. ಆದರೆ ಪಿ-ಸೆಲೆಕ್ಟಿನ್‌ಗೆ ತಡೆಯೊಡ್ಡಿದ್ದು ಏಳು ಮಾತ್ರ. ಫ್ಯೂಕೋಸ್ ಮತ್ತು ಸಲ್ಫೇಟಿನ ಪ್ರಮಾಣಕ್ಕೂ ಇಲಿಗಳಲ್ಲಿ ಕಂಡ ಪರಿಣಾಮಕ್ಕೂ ಗಣನೀಯ ಸಂಬಂಧ ಕಾಣಲಿಲ್ಲ. ಸೆಲೆಕ್ಟಿನ್ ತಡೆಯೊಂದೇ ಇದರ ಮಾರ್ಗವಲ್ಲ ಎಂದಾಯಿತು. ಹೆಪ್ಪುಗಟ್ಟುವಿಕೆಯ ವಿಷಯದಲ್ಲಿ ಮಾತ್ರ ರಚನೆಯ ಪ್ರಭಾವ ಎದ್ದು ಕಂಡಿತು. ಜಪಾನಿನ ಓಕಿನಾವಾದಲ್ಲಿ ಮೊಝುಕು ಎಂಬ ಹೆಸರಿನಲ್ಲಿ ತಿನ್ನುವ ಪಾಚಿಯ ಫ್ಯೂಕಾಯ್ಡಾನ್‌ಗೆ ಗ್ಲುಕುರಾನಿಕ್ ಆಮ್ಲದ ಕವಲುಗಳು ಹೆಚ್ಚು. ಒಂಬತ್ತರಲ್ಲಿ ಅದೊಂದೇ ರಕ್ತ ಹೆಪ್ಪುಗಟ್ಟುವುದನ್ನು ತಡೆಯಲಿಲ್ಲ. ಉರಿಯೂತ ಶಮನವನ್ನು ಉಳಿಸಿಕೊಂಡು ರಕ್ತ ತೆಳುವಾಗುವ ಅಪಾಯವನ್ನು ಬಿಡಿಸಬಹುದು ಎಂಬ ನಿರೀಕ್ಷೆಗೆ ಇದು ಗಟ್ಟಿಯಾದ ಆಧಾರ.

ಸಾರ ತೆಗೆಯುವ ಕ್ರಮವನ್ನು ಇಲ್ಲಿ ತುಸು ವಿವರವಾಗಿ ನೋಡಬೇಕು, ಏಕೆಂದರೆ ಈ ಕ್ಷೇತ್ರದ ಬಹುಪಾಲು ಗೊಂದಲ ಹುಟ್ಟುವುದು ಅಲ್ಲಿಯೇ. ಒಣಗಿಸಿ ಪುಡಿಮಾಡಿದ ಪಾಚಿಯಿಂದ ಮೊದಲು ಮದ್ಯಸಾರದ ಮೂಲಕ ಬಣ್ಣ, ಕೊಬ್ಬುಗಳನ್ನು ತೆಗೆಯುತ್ತಾರೆ. ಬಳಿಕ ಬಿಸಿನೀರಿನಲ್ಲಿ ಅಥವಾ ತೆಳು ಆಮ್ಲದಲ್ಲಿ ಕುದಿಸಿ, ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಆಲ್ಜಿನೇಟನ್ನು ಗರಣೆಗಟ್ಟಿಸಿ, ಉಳಿದ ತಿಳಿಯಿಂದ ಮದ್ಯಸಾರದಲ್ಲಿ ಫ್ಯೂಕಾಯ್ಡಾನನ್ನು ಇಳಿಸುತ್ತಾರೆ. ಆಮ್ಲ ಹೆಚ್ಚಾದರೆ ಸರಪಳಿ ತುಂಡಾಗಿ ಅಣುತೂಕ ಕುಗ್ಗುತ್ತದೆ. ಕಂದು ಪಾಚಿಯ ಪಾಲಿಫೀನಾಲ್‌ಗಳು ಬಹುಶರ್ಕರಕ್ಕೆ ಅಂಟಿಕೊಂಡೇ ಬರುತ್ತವೆ. ಅವುಗಳಿಗೆ ಸ್ವತಃ ಉತ್ಕರ್ಷಣವನ್ನು ತಡೆಯುವ ಗುಣವಿರುವುದರಿಂದ ಶಮನದ ಶ್ರೇಯ ಯಾರದೆಂದು ಹೇಳುವುದು ಕಷ್ಟವಾಗುತ್ತದೆ. ಅದೇ ಪಾಚಿ ಬೇರೆ ಋತುವಿನಲ್ಲಿ, ಬೇರೆ ದಡದಲ್ಲಿ ಬೇರೆ ಸಂಯೋಜನೆಯ ಸಾರ ಕೊಡುತ್ತದೆ. ಭಾರತದಲ್ಲಿ ಅಗರ್ ಮತ್ತು ಆಲ್ಜಿನೇಟ್ ಉದ್ಯಮಕ್ಕೆ ಕಚ್ಚಾವಸ್ತು ಮುಖ್ಯವಾಗಿ ತಮಿಳುನಾಡಿನ ಕರಾವಳಿಯಿಂದ, ವಿಶೇಷವಾಗಿ ಮನ್ನಾರ್ ಕೊಲ್ಲಿಯ ಕಡೆಯಿಂದ, ಬರುತ್ತದೆ. ಉತ್ತರ ಕನ್ನಡದ ಕಡಲಬಂಡೆಗಳ ಮೇಲೂ ಸಾರ್ಗಾಸಮ್, ಉಲ್ವಾ ಪಾಚಿಗಳು ಬೆಳೆಯುತ್ತವೆ. ಎರಡು ಕಡೆಯ ಸಾರ್ಗಾಸಮ್ ಹೆಸರಿನಲ್ಲಿ ಒಂದೇ ಆದರೂ ಸಾರದಲ್ಲಿ ಒಂದೇ ಎಂದು ಪರೀಕ್ಷೆಯಿಲ್ಲದೆ ಒಪ್ಪುವಂತಿಲ್ಲ.

ಇನ್ನೊಂದು ತೊಡಕು ಎಂಡೋಟಾಕ್ಸಿನ್, ಅಂದರೆ ಬ್ಯಾಕ್ಟೀರಿಯಾದ ಹೊರಕವಚದ ವಿಷ. ಕಡಲಲ್ಲಾಗಲಿ ಹೊಲದಲ್ಲಾಗಲಿ ಬೆಳೆದ ಗಿಡದ ಮೇಲೆ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಅದರ ಕವಚವೂ ಸಾರದೊಳಗೆ ಬರುತ್ತದೆ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತವೆ ಎನ್ನಲಾದ ಕೆಲವು ಸಸ್ಯಸಾರಗಳು ಮ್ಯಾಕ್ರೋಫೇಜ್‌ಗಳನ್ನು ಕೆರಳಿಸುವುದಕ್ಕೆ ಬಹುಮಟ್ಟಿಗೆ ಬ್ಯಾಕ್ಟೀರಿಯಾದ ಈ ಅಂಶಗಳೇ ಕಾರಣ ಎಂದು 2008ರ ಅಧ್ಯಯನವೊಂದು ತೋರಿಸಿತು. ಎಂಡೋಟಾಕ್ಸಿನ್ ಪತ್ತೆಗೆ ಬಳಸುವ ಕುದುರೆಲಾಳದ ಏಡಿಯ ರಕ್ತದ ಪರೀಕ್ಷೆ ಬೀಟಾ-ಗ್ಲೂಕಾನ್‌ಗೂ ಪ್ರತಿಕ್ರಿಯಿಸುತ್ತದೆ. ಕಂದು ಪಾಚಿಯ ಲ್ಯಾಮಿನಾರಿನ್ ಬೀಟಾ-ಗ್ಲೂಕಾನ್ ಜಾತಿಯದೇ. ಹೀಗಾಗಿ ಪರೀಕ್ಷೆಯನ್ನೇ ಪರೀಕ್ಷಿಸಬೇಕಾದ ಸ್ಥಿತಿ. ಇದನ್ನು ಮಾಡದ ಪ್ರಬಂಧಗಳ ತೀರ್ಮಾನಗಳನ್ನು ತಾತ್ಕಾಲಿಕವೆಂದೇ ಎಣಿಸಬೇಕು.

ಸಸ್ಯಮೂಲದ ಬಹುಶರ್ಕರಗಳಲ್ಲಿ ಮಾರ್ಗಗಳು ಬೇರೆ. ಹಣ್ಣುಗಳ ಪೆಕ್ಟಿನ್‌ನಲ್ಲಿ ಮೀಥೈಲ್ ಗುಂಪುಗಳು ಕಡಿಮೆಯಿದ್ದರೆ ಅದು ಟಿಎಲ್‌ಆರ್-2 ಗ್ರಾಹಕಕ್ಕೆ ನೇರವಾಗಿ ಅಂಟಿ, ಟಿಎಲ್‌ಆರ್-1ರೊಂದಿಗೆ ಅದು ಜೋಡಿಯಾಗಿ ನಡೆಸುವ ಕೆಲಸವನ್ನು ತಡೆಯುತ್ತದೆಂದು 2018ರಲ್ಲಿ ತಿಳಿದುಬಂತು. ಕ್ಯಾನ್ಸರ್ ಮದ್ದಾದ ಡಾಕ್ಸೊರೂಬಿಸಿನ್‌ನಿಂದ ಇಲಿಗಳ ಸಣ್ಣಕರುಳಿಗೆ ಆಗುವ ಉರಿಯೂತ ಇದರಿಂದ ತಗ್ಗಿತು. ಅಮೃತಬಳ್ಳಿಯ ಕಥೆ ಇದಕ್ಕೆ ವಿರುದ್ಧವಾಗಿ ಆರಂಭವಾಗುತ್ತದೆ. ಮುಂಬೈಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದರಿಂದ ಬೇರ್ಪಡಿಸಿದ ಅರಾಬಿನೋಗ್ಯಾಲಕ್ಟಾನ್ ಟಿಎಲ್‌ಆರ್-4ರ ಮೂಲಕ ರೋಗನಿರೋಧಕ ಕೋಶಗಳನ್ನು ಎಚ್ಚರಿಸುತ್ತದೆ, ತಣಿಸುವುದಿಲ್ಲ. ಆದರೂ ಅದನ್ನು ಮುಂಚಿತವಾಗಿ ಕೊಟ್ಟ ಇಲಿಗಳು ಎಂಡೋಟಾಕ್ಸಿನ್‌ನ ಮಾರಕ ಆಘಾತವನ್ನು ತಾಳಿಕೊಂಡವು. ಮೊದಲ ಸೌಮ್ಯ ಪ್ರಚೋದನೆ ಎರಡನೆಯ ತೀವ್ರ ಪ್ರಚೋದನೆಗೆ ದೇಹವನ್ನು ಒಗ್ಗಿಸುತ್ತದೆ. ಇಂತಹ ಅಣುವನ್ನು ಉರಿಯೂತ ಶಾಮಕ ಎನ್ನುವುದಕ್ಕಿಂತ ರೋಗನಿರೋಧಕ ವ್ಯವಸ್ಥೆಯ ನಿಯಂತ್ರಕ ಎನ್ನುವುದು ಸರಿ.

ಬಾಯಿಯ ಮೂಲಕ ಸೇವಿಸಿದಾಗ ಈ ದೊಡ್ಡ ಅಣುಗಳು ರಕ್ತಕ್ಕೆ ಸೇರುವುದು ಅತ್ಯಲ್ಪ. ಆದ್ದರಿಂದ ಕೋಶಗಳ ತಟ್ಟೆಯಲ್ಲಿ ಕಂಡ ಪರಿಣಾಮವನ್ನು ಗುಳಿಗೆಗೆ ಆರೋಪಿಸಲಾಗದು. ಅವುಗಳ ಕಾರ್ಯಕ್ಷೇತ್ರ ದೊಡ್ಡ ಕರುಳು. ಅಲ್ಲಿಯ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಚಿಕ್ಕ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಬ್ಯುಟಿರೇಟ್ ಕರುಳಿನ ಒಳಪದರದ ಕೋಶಗಳಿಗೆ ಆಹಾರ. ಉರಿಯೂತಕ್ಕೆ ಕಡಿವಾಣ ಹಾಕುವ ನಿಯಂತ್ರಕ ಟಿ-ಕೋಶಗಳನ್ನು ಅದು ಹೆಚ್ಚಿಸುತ್ತದೆಂದು 2013ರಲ್ಲಿ ಇಲಿಗಳಲ್ಲಿ ತೋರಿಸಲಾಯಿತು. ಕಡಲಕಳೆಯ ಬಹುಶರ್ಕರವನ್ನು ಒಡೆಯುವ ಕಿಣ್ವ ಎಲ್ಲರ ಕರುಳಿನಲ್ಲೂ ಇರುವುದಿಲ್ಲ. ನೋರಿ ಪಾಚಿಯ ಪೋರ್ಫಿರಾನ್ ಒಡೆಯುವ ಜೀನನ್ನು ಜಪಾನೀಯರ ಕರುಳಿನ ಬ್ಯಾಕ್ಟೀರಿಯಾ ಕಡಲ ಬ್ಯಾಕ್ಟೀರಿಯಾದಿಂದ ಪಡೆದುಕೊಂಡಿದೆ ಎಂದು 2010ರಲ್ಲಿ ವರದಿಯಾಯಿತು. ಹೋಲಿಕೆಗೆ ತೆಗೆದುಕೊಂಡ ಉತ್ತರ ಅಮೆರಿಕನ್ನರಲ್ಲಿ ಆ ಜೀನು ಸಿಗಲಿಲ್ಲ. ಒಂದೇ ಸಾರ ಇಬ್ಬರಲ್ಲಿ ಒಂದೇ ಫಲ ಕೊಡಲೇಬೇಕೆಂದಿಲ್ಲ.

ಮನುಷ್ಯರ ಮೇಲಿನ ಪ್ರಯೋಗಗಳಿಗೆ ಬಂದರೆ ಪುರಾವೆ ತೆಳುವಾಗುತ್ತದೆ. ಮಂಡಿ ಸವೆತದ 12 ಮಂದಿಗೆ ಫ್ಯೂಕಾಯ್ಡಾನ್ ಇರುವ ಪಾಚಿಸಾರ ಕೊಟ್ಟ 2010ರ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ದಿನಕ್ಕೆ 1000 ಮಿ.ಗ್ರಾಂ ಪಡೆದವರ ತೊಂದರೆ ಶೇ. 52ರಷ್ಟು ಇಳಿಯಿತು. ಆದರೆ ಅಲ್ಲಿ ಹೋಲಿಕೆಗೆ ಹುಸಿಮದ್ದಿನ ಗುಂಪು ಇರಲಿಲ್ಲ. 2016ರಲ್ಲಿ 122 ಮಂದಿಯನ್ನು ಸೇರಿಸಿಕೊಂಡು, ದಿನಕ್ಕೆ 300 ಮಿ.ಗ್ರಾಂ ಸಾರವನ್ನು ಹುಸಿಮದ್ದಿನೊಂದಿಗೆ 12 ವಾರ ಹೋಲಿಸಿದಾಗ ವ್ಯತ್ಯಾಸ ಕಾಣಲಿಲ್ಲ. ಪ್ರಮಾಣ ಕಡಿಮೆಯಿತ್ತೆಂಬ ಆಕ್ಷೇಪಕ್ಕೆ ಎಡೆಯಿದೆ, ನಿಜ. ಆದರೂ ಎರಡನೆಯ ಪ್ರಯೋಗಕ್ಕೇ ಹೆಚ್ಚು ತೂಕ ಸಲ್ಲಬೇಕು. ಕಂದು ಪಾಚಿಯಿಂದ ತಯಾರಾದ ಆಲಿಗೋಮ್ಯಾನೇಟ್ ಎಂಬ ಕಿರುಸರಪಳಿಯ ಮದ್ದು ಕರುಳಿನ ಬ್ಯಾಕ್ಟೀರಿಯಾಗಳ ಮೂಲಕ ಮಿದುಳಿನ ಉರಿಯೂತವನ್ನು ತಗ್ಗಿಸುತ್ತದೆ ಎಂಬ ವಾದದೊಂದಿಗೆ 2019ರಲ್ಲಿ ಚೀನಾದಲ್ಲಿ ಆಲ್‌ಝೈಮರ್ ರೋಗಕ್ಕೆ ಷರತ್ತಿನ ಅನುಮತಿ ಪಡೆಯಿತು; ಅದರ ಅಂತರರಾಷ್ಟ್ರೀಯ ಪ್ರಯೋಗ 2022ರಲ್ಲಿ ಪೂರ್ಣಗೊಳ್ಳದೆ ನಿಂತಿತು.

ಸಸ್ಯಗಳ ಕಡೆ ಚಿತ್ರ ಸ್ವಲ್ಪ ಉತ್ತಮ. ದೊಡ್ಡಕರುಳಿನ ಹುಣ್ಣಿನ 44 ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ 2004ರ ಪ್ರಯೋಗದಲ್ಲಿ ಲೋಳೆಸರದ ತಿರುಳನ್ನು ದಿನಕ್ಕೆರಡು ಬಾರಿ 100 ಮಿ.ಲೀ.ನಂತೆ ನಾಲ್ಕು ವಾರ ಕುಡಿದವರಲ್ಲಿ ಶೇ. 47 ಮಂದಿಗೆ ಗುಣ ಕಂಡಿತು. ಹುಸಿಮದ್ದು ಪಡೆದವರಲ್ಲಿ ಶೇ. 14 ಮಂದಿಗೆ ಮಾತ್ರ. ಸ್ಪೇನ್‌ನಲ್ಲಿ 1999ರಲ್ಲಿ ಪ್ರಕಟವಾದ ಅಧ್ಯಯನ ಇಸಬ್‌ಗೋಲ್ ಬೀಜವನ್ನು ಮೆಸಲಮೀನ್ ಎಂಬ ರೂಢಿಯ ಮದ್ದಿನೊಂದಿಗೇ ಹೋಲಿಸಿತು. ಅದೇ ಕಾಯಿಲೆ ತಣಿದಿದ್ದ 105 ಮಂದಿಯನ್ನು ಒಂದು ವರ್ಷ ಗಮನಿಸಿದಾಗ ಚಿಕಿತ್ಸೆ ವಿಫಲವಾದದ್ದು ಬೀಜ ತಿಂದವರಲ್ಲಿ ಶೇ. 40, ಮದ್ದು ಪಡೆದವರಲ್ಲಿ ಶೇ. 35, ಎರಡನ್ನೂ ಪಡೆದವರಲ್ಲಿ ಶೇ. 30. ಬೀಜ ತಿಂದವರ ಮಲದಲ್ಲಿ ಬ್ಯುಟಿರೇಟ್ ಹೆಚ್ಚಿತ್ತು. ಗುಜರಾತಿನ ಹೊಲಗಳಲ್ಲಿ ಬೆಳೆದು ಮನೆಮನೆಯ ಮದ್ದಾಗಿರುವ ಈ ಬೀಜದ ಪರವಾದ ಪುರಾವೆ, ದುಬಾರಿ ಕಡಲಸಾರಗಳ ಪರವಾದ ಪುರಾವೆಗಿಂತ ಗಟ್ಟಿಯಾಗಿದೆ.

ಸುರಕ್ಷತೆಯ ಪ್ರಶ್ನೆ ಮುಖ್ಯವಾಗಿ ಕಡಲಕಳೆಗೆ ಸೇರಿದ್ದು. ಕೆಲವು ಕಂದು ಪಾಚಿಗಳಲ್ಲಿರುವ ಅತಿಯಾದ ಅಯೋಡಿನ್ ಥೈರಾಯ್ಡ್ ಗ್ರಂಥಿಯ ಕೆಲಸವನ್ನು ಕೆಡಿಸಬಲ್ಲದು. ಹಿಜಿಕಿ ಎಂಬ ಸಾರ್ಗಾಸಮ್ ಜಾತಿಯಲ್ಲಿ ಅಜೈವಿಕ ಆರ್ಸೆನಿಕ್ ಹೆಚ್ಚಿರುವುದರಿಂದ ಅದನ್ನು ತಿನ್ನಬಾರದೆಂದು ಬ್ರಿಟನ್ನಿನ ಆಹಾರ ಸುರಕ್ಷತಾ ಸಂಸ್ಥೆ ಎಚ್ಚರಿಸಿದೆ. ಬಹುತೇಕ ಫ್ಯೂಕಾಯ್ಡಾನ್‌ಗಳಿಗೆ ಪ್ರಯೋಗಾಲಯದಲ್ಲಿ ಹೆಪ್ಪುಗಟ್ಟುವಿಕೆಯನ್ನು ತಡೆಯುವ ಗುಣವಿದೆ. ವಾರ್ಫರಿನ್‌ನಂತಹ ಮದ್ದು ಸೇವಿಸುವವರು, ಥೈರಾಯ್ಡ್ ತೊಂದರೆಯಿರುವವರು ಮತ್ತು ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರು ವೈದ್ಯರಿಗೆ ತಿಳಿಸದೆ ಕಡಲಕಳೆಯ ಸಾರವನ್ನು ಸೇವಿಸಬಾರದು.